ಸ್ಪ್ರೆಡ್‌ಶೀಟ್‌ನಲ್ಲಿ ಗ್ರಾಫ್ ಮಾಡುವುದು ಹೇಗೆ: ಪಟ್ಟಿಯಿಂದ ಚಿತ್ರದವರೆಗೆ

"ಅಂಕಿಗಳನ್ನೆಲ್ಲ ತುಂಬಿದ್ದೇನೆ. ಗ್ರಾಫ್ ಮಾತ್ರ ಏನೇನೋ ಬರ್ತಿದೆ. ಎಲ್ಲಿ ತಪ್ಪಾಯ್ತು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಪ್ರಾಜೆಕ್ಟ್ ವರದಿ ಬರೆಯುವ ವಿದ್ಯಾರ್ಥಿಗಳು ಕೇಳುತ್ತಾರೆ, ಸಭೆಗೆ ಲೆಕ್ಕ ತೋರಿಸಬೇಕಾದವರು ಕೇಳುತ್ತಾರೆ, ತಮ್ಮ ದಿನದ ನಡಿಗೆಯನ್ನು ಬರೆದಿಡುವವರೂ ಕೇಳುತ್ತಾರೆ. ಅವರು ಕಳಿಸಿದ ಫೈಲ್ ತೆರೆದು ನೋಡಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ತಪ್ಪು ಗ್ರಾಫ್‌ನಲ್ಲಿ ಇರುವುದಿಲ್ಲ, ಅದರ ಹಿಂದಿರುವ ಪಟ್ಟಿಯಲ್ಲಿ ಇರುತ್ತದೆ.

ಗ್ರಾಫ್ ಸೇರಿಸುವ ಗುಂಡಿ ಒತ್ತುವುದು ಎರಡು ಸೆಕೆಂಡಿನ ಕೆಲಸ. ಆ ಗುಂಡಿ ಒತ್ತುವ ಮೊದಲು ಹತ್ತು ನಿಮಿಷ ಪಟ್ಟಿಗೆ ಕೊಟ್ಟರೆ ಆಮೇಲಿನ ಅರ್ಧ ಗಂಟೆಯ ಪರದಾಟ ತಪ್ಪುತ್ತದೆ. ಹಾಗಾಗಿ ಈ ಲೇಖನದಲ್ಲಿ ಪಟ್ಟಿಯ ಮಾತು ಜಾಸ್ತಿ ಬರುತ್ತದೆ. ದಯವಿಟ್ಟು ಅದನ್ನು ಹಾರಿಸಿ ಮುಂದೆ ಹೋಗಬೇಡಿ.

ಏನೇನು ಬೇಕು

ಎಕ್ಸೆಲ್, ಲಿಬ್ರೆ ಆಫೀಸ್‌ನ ಕ್ಯಾಲ್ಕ್, ಗೂಗಲ್ ಶೀಟ್ಸ್ ಈ ಮೂರರಲ್ಲಿ ಯಾವುದಾದರೂ ಸಾಕು. ಕ್ಯಾಲ್ಕ್ ಉಚಿತ, ಇಳಿಸಿಕೊಂಡು ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಗೂಗಲ್ ಶೀಟ್ಸ್‌ಗೆ ಒಂದು ಖಾತೆ ಮತ್ತು ಬ್ರೌಸರ್ ಇದ್ದರೆ ಆಯಿತು. ಮೊಬೈಲ್‌ನಲ್ಲೂ ಗ್ರಾಫ್ ಮಾಡಬಹುದು. ಆದರೆ ಮೊದಲ ಸಲ ಕಲಿಯುವಾಗ ಕಂಪ್ಯೂಟರ್ ಮುಂದೆ ಕೂರಿ. ಸಣ್ಣ ಪರದೆಯಲ್ಲಿ ಯಾವ ಸಾಲು ಆಯ್ಕೆಯಾಗಿದೆ ಅಂತ ಕಾಣುವುದೇ ಕಷ್ಟ.

ಕೆಲವು ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಸ್ಪ್ರೆಡ್‌ಶೀಟ್ ಅಂದರೆ ಚೌಕ ಚೌಕದ ಹಾಳೆ. ಒಂದೊಂದು ಚೌಕಕ್ಕೆ ಸೆಲ್ ಎಂದು ಹೆಸರು. ಎಡದಿಂದ ಬಲಕ್ಕೆ ಹೋಗುವುದು ರೋ, ಅಂದರೆ ಅಡ್ಡಸಾಲು. ಮೇಲಿಂದ ಕೆಳಕ್ಕೆ ಹೋಗುವುದು ಕಾಲಮ್, ಅಂದರೆ ಕಂಬಸಾಲು. ಕಂಬಸಾಲಿಗೆ ಎ, ಬಿ, ಸಿ ಎಂಬ ಹೆಸರು, ಅಡ್ಡಸಾಲಿಗೆ 1, 2, 3 ಎಂಬ ಸಂಖ್ಯೆ. ಹಾಗಾಗಿ ಬಿ2 ಅಂದರೆ ಬಿ ಕಂಬಸಾಲು ಮತ್ತು ಎರಡನೇ ಅಡ್ಡಸಾಲು ಸೇರುವ ಚೌಕ. ಗ್ರಾಫ್‌ನ ಕೆಳಗೆ ಮಲಗಿರುವ ಗೆರೆ ಅಡ್ಡ ಅಕ್ಷ, ಪಕ್ಕದಲ್ಲಿ ನಿಂತಿರುವುದು ಲಂಬ ಅಕ್ಷ. ಒಂದೇ ಬಣ್ಣದಲ್ಲಿ ಬರುವ ಅಂಕಿಗಳ ಗುಂಪು ಸೀರೀಸ್. ಯಾವ ಬಣ್ಣ ಯಾವುದಕ್ಕೆ ಎಂದು ತಿಳಿಸುವ ಪುಟ್ಟ ಪಟ್ಟಿ ಲೆಜೆಂಡ್. ಸದ್ಯಕ್ಕೆ ಇಷ್ಟು ಸಾಕು.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಗ್ರಾಫ್ ಅನ್ನುವುದು ಒಂದು ಪ್ರಶ್ನೆಗೆ ಕೊಡುವ ಉತ್ತರ. ಪ್ರಶ್ನೆಯೇ ಇಲ್ಲದೆ ಸುಮ್ನೆ "ಒಂದು ಗ್ರಾಫ್ ಇರಲಿ" ಅಂತ ಮಾಡಿದರೆ ನೋಡುವವರಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಒಂದು ಕಾಗದದ ಮೇಲೆ ಪ್ರಶ್ನೆ ಬರೆದುಕೊಳ್ಳಿ.

ಉದಾಹರಣೆಗೆ ಒಂದು ಗ್ರಂಥಾಲಯ ಇದೆ ಎಂದುಕೊಳ್ಳೋಣ. ಆರು ತಿಂಗಳಲ್ಲಿ ಓದುಗರು ಎಷ್ಟು ಪುಸ್ತಕ ಒಯ್ದರು ಎಂಬ ಲೆಕ್ಕ ನಮ್ಮ ಹತ್ತಿರ ಇದೆ. ಇದೇ ಅಂಕಿಗಳಿಂದ ಕನಿಷ್ಠ ಮೂರು ಪ್ರಶ್ನೆ ಕೇಳಬಹುದು. ಮಕ್ಕಳ ಪುಸ್ತಕಗಳಿಗೆ ಬೇಡಿಕೆ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಯಿತು? ಮೇ ತಿಂಗಳಲ್ಲಿ ಯಾವ ವಿಭಾಗ ಮುಂದಿತ್ತು? ಒಟ್ಟು ಪುಸ್ತಕಗಳಲ್ಲಿ ಕಥೆ ಪುಸ್ತಕಗಳ ಪಾಲು ಎಷ್ಟು? ಮೂರಕ್ಕೂ ಮೂರು ಬೇರೆ ಗ್ರಾಫ್ ಬೇಕು. ಮೂರನ್ನೂ ಒಂದೇ ಚಿತ್ರದಲ್ಲಿ ತುರುಕಲು ಹೋದರೆ ಮೂರೂ ಕಾಣುವುದಿಲ್ಲ.

ಹಂತ 2: ಪಟ್ಟಿಯನ್ನು ಸರಿಮಾಡಿ

ನಮ್ಮ ಪಟ್ಟಿ ಹೀಗಿರಲಿ. ಅಂಕಿಗಳು ಕಲಿಕೆಗಾಗಿ ನಾನೇ ಹಾಕಿದವು.

| ತಿಂಗಳು | ಕಥೆ | ವಿಜ್ಞಾನ | ಮಕ್ಕಳ ಪುಸ್ತಕ |
|---|---|---|---|
| ಜನವರಿ | 120 | 45 | 80 |
| ಫೆಬ್ರವರಿ | 110 | 50 | 85 |
| ಮಾರ್ಚ್ | 95 | 70 | 60 |
| ಏಪ್ರಿಲ್ | 150 | 40 | 140 |
| ಮೇ | 165 | 35 | 155 |
| ಜೂನ್ | 130 | 55 | 90 |

ಎ1ರಿಂದ ಶುರುಮಾಡಿ ಡಿ7ರವರೆಗೆ ಇದನ್ನು ತುಂಬಿ. ಮೊದಲ ಅಡ್ಡಸಾಲಿನಲ್ಲಿ ತಲೆಬರಹ, ಮೊದಲ ಕಂಬಸಾಲಿನಲ್ಲಿ ತಿಂಗಳು, ಉಳಿದೆಡೆ ಬರೀ ಅಂಕಿ. ಒಂದು ಸೆಲ್‌ಗೆ ಒಂದೇ ಅಂಕಿ. ಈ ಆಕಾರ ಇದ್ದರೆ ಮೂರೂ ತಂತ್ರಾಂಶಗಳು ನಿಮ್ಮ ಮನಸ್ಸನ್ನು ಸರಿಯಾಗಿ ಊಹಿಸುತ್ತವೆ.

ಈಗ ಎಲ್ಲಿ ಎಡವುತ್ತೇವೆ ಅಂತ ನೋಡೋಣ. ಇವನ್ನು ನಾನು ನೂರಾರು ಫೈಲ್‌ಗಳಲ್ಲಿ ನೋಡಿದ್ದೇನೆ, ನಾನೂ ಮಾಡಿದ್ದೇನೆ.

ಮೊದಲನೆಯದು, ಅಂಕಿಯ ಜೊತೆ ಅಕ್ಷರ ಬೆರೆಸುವುದು. "120 ಪುಸ್ತಕ" ಅಂತ ಒಂದೇ ಸೆಲ್‌ನಲ್ಲಿ ಬರೆದರೆ ನಮಗೆ ಅದು ನೂರಿಪ್ಪತ್ತು. ಕಂಪ್ಯೂಟರ್‌ಗೆ ಅದೊಂದು ಪದ, ಅಷ್ಟೇ. ಗ್ರಾಫ್‌ನಲ್ಲಿ ಆ ಜಾಗಕ್ಕೆ ಸೊನ್ನೆ ಬೀಳುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಪುಸ್ತಕ, ಕಿಲೋ, ಮೀಟರ್ ಇಂಥ ಅಳತೆಯ ಹೆಸರು ತಲೆಬರಹಕ್ಕೆ ಹೋಗಲಿ. ಕೆಳಗಿನ ಸೆಲ್‌ಗಳಲ್ಲಿ ಬರೀ ಅಂಕಿ ಇರಲಿ.

ಅಂಕಿ ನಿಜವಾಗಿಯೂ ಅಂಕಿಯಾಗಿದೆಯೇ ಅಂತ ತಿಳಿಯಲು ಸುಲಭ ದಾರಿ ಒಂದಿದೆ. ನೀವು ಜೋಡಣೆಯನ್ನು ಬದಲಿಸದೇ ಇದ್ದರೆ, ಅಂಕಿಗಳು ಸೆಲ್‌ನ ಬಲಕ್ಕೆ ಅಂಟಿಕೊಳ್ಳುತ್ತವೆ, ಅಕ್ಷರಗಳು ಎಡಕ್ಕೆ. ಅಂಕಿಯೊಂದು ಎಡಗಡೆ ಕೂತಿದ್ದರೆ ಅನುಮಾನ ಪಡಿ. ಎಕ್ಸೆಲ್‌ನಲ್ಲಿ ಅಂಥ ಸೆಲ್‌ನ ಮೂಲೆಯಲ್ಲಿ ಸಾಮಾನ್ಯವಾಗಿ ಹಸಿರು ತ್ರಿಕೋನ ಕಾಣುತ್ತದೆ. ಆ ಸೆಲ್ ಆಯ್ಕೆ ಮಾಡಿ, ಪಕ್ಕದಲ್ಲಿ ಬರುವ ಎಚ್ಚರಿಕೆ ಗುರುತನ್ನು ಒತ್ತಿ, 'ಕನ್ವರ್ಟ್ ಟು ನಂಬರ್' ಆರಿಸಿದರೆ ಸರಿಯಾಗುತ್ತದೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಅಂಕಿಗಳಲ್ಲಿ ಈ ತೊಂದರೆ ಜಾಸ್ತಿ. ಹಿಂದೆ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಮಾತು: ಅಂಕಿಗಳನ್ನು 1, 2, 3 ಎಂದೇ ಬರೆಯಿರಿ. ೧, ೨, ೩ ಎಂದು ಬರೆದರೆ ತಂತ್ರಾಂಶ ಅದನ್ನು ಅಕ್ಷರ ಎಂದುಕೊಳ್ಳಬಹುದು.

ಎರಡನೆಯದು, ಮೊತ್ತದ ಸಾಲು. ಪಟ್ಟಿಯ ಕೊನೆಗೆ 'ಒಟ್ಟು' ಎಂದು ಕೂಡಿಸಿ ಬರೆಯುವುದು ಒಳ್ಳೆಯ ಅಭ್ಯಾಸವೇ. ಆದರೆ ಅದನ್ನೂ ಸೇರಿಸಿ ಗ್ರಾಫ್ ಮಾಡಿದರೆ ಒಂದು ದೈತ್ಯ ಕಂಬ ಎದ್ದು ನಿಂತು ಉಳಿದವೆಲ್ಲ ಕುಬ್ಜವಾಗುತ್ತವೆ. ಪೈ ಚಾರ್ಟ್‌ನಲ್ಲಿ, ಅಂದರೆ ವೃತ್ತವನ್ನು ತುಂಡು ಮಾಡಿ ಪಾಲು ತೋರಿಸುವ ಗ್ರಾಫ್‌ನಲ್ಲಿ, ಇನ್ನೂ ಅಪಾಯ. ಒಟ್ಟು ಅನ್ನುವುದು ಉಳಿದೆಲ್ಲ ತುಂಡುಗಳ ಮೊತ್ತ, ಅಲ್ವಾ? ಹಾಗಾಗಿ ಅದು ಸರಿಯಾಗಿ ಅರ್ಧ ವೃತ್ತವನ್ನು ನುಂಗುತ್ತದೆ. ನಿಮ್ಮ ಪೈ ಚಾರ್ಟ್‌ನಲ್ಲಿ ಒಂದು ತುಂಡು ಅಚ್ಚುಕಟ್ಟಾಗಿ 50 ಶೇಕಡಾ ತೋರಿಸುತ್ತಿದ್ದರೆ ಮೊದಲು ಮೊತ್ತದ ಸಾಲನ್ನೇ ಹುಡುಕಿ. ಮೊತ್ತ ಬೇಕಿದ್ದರೆ ಪಟ್ಟಿಯಿಂದ ಒಂದು ಸಾಲು ಬಿಟ್ಟು ಬರೆಯಿರಿ.

ಮೂರನೆಯದು, ಸೆಲ್‌ಗಳನ್ನು ಕೂಡಿಸುವುದು. ಚೆಂದ ಕಾಣಲಿ ಎಂದು ಎರಡು ಮೂರು ಸೆಲ್ ಒಟ್ಟುಮಾಡಿ ನಡುವೆ ಹೆಸರು ಬರೆಯುವವರು ತುಂಬ ಜನ. ಇದಕ್ಕೆ ಮರ್ಜ್ ಎನ್ನುತ್ತಾರೆ. ಗ್ರಾಫ್‌ಗೆ ಬಳಸುವ ಪಟ್ಟಿಯೊಳಗೆ ಮರ್ಜ್ ಮಾಡಲೇಬೇಡಿ. ತಂತ್ರಾಂಶ ಆ ಹೆಸರನ್ನು ಮೊದಲ ಸೆಲ್‌ನಲ್ಲಿ ಮಾತ್ರ ಓದುತ್ತದೆ, ಉಳಿದವು ಅದಕ್ಕೆ ಖಾಲಿ.

ನಾಲ್ಕನೆಯದು, ಖಾಲಿ ಮತ್ತು ಸೊನ್ನೆ. ಇದು ಅತಿ ಮುಖ್ಯ. ಮಾರ್ಚ್‌ನಲ್ಲಿ ಯಾರೂ ಪುಸ್ತಕ ಒಯ್ಯಲಿಲ್ಲ ಅಂದರೆ ಅದು 0. ಮಾರ್ಚ್‌ನ ಲೆಕ್ಕದ ಹಾಳೆ ಕಳೆದುಹೋಗಿದೆ ಅಂದರೆ ಅದು ಖಾಲಿ. ಎರಡೂ ಬೇರೆ ಮಾತು. ಗೊತ್ತಿಲ್ಲದ ಕಡೆ ಸೊನ್ನೆ ಹಾಕಿದರೆ ಗೆರೆ ನೆಲಕ್ಕೆ ಬಿದ್ದು ಎದ್ದಂತೆ ಕಾಣುತ್ತದೆ. ನೋಡುವವರು ಅದನ್ನೇ ನಂಬುತ್ತಾರೆ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಸಣ್ಣ ಅಡ್ಡಗೆರೆಯನ್ನೂ ಹಾಕಬೇಡಿ, ಅದೂ ಒಂದು ಅಕ್ಷರವೇ.

ಐದನೆಯದು, ದಿನಾಂಕ. 05/06/2024 ಅಂದರೆ ಜೂನ್ ಐದೋ, ಮೇ ಆರೋ? ಕಂಪ್ಯೂಟರ್‌ನ ಪ್ರಾದೇಶಿಕ ಹೊಂದಿಕೆಯ ಮೇಲೆ ಇದು ಬದಲಾಗುತ್ತದೆ. ತಿಂಗಳು ಮೊದಲು ಬರುವ ಹೊಂದಿಕೆ ಇದ್ದರೆ 13/06/2024 ದಿನಾಂಕವೇ ಆಗುವುದಿಲ್ಲ, ಹದಿಮೂರನೇ ತಿಂಗಳು ಇಲ್ಲವಲ್ಲ. ಆಗ ಒಂದೇ ಕಂಬಸಾಲಿನಲ್ಲಿ ಕೆಲವು ದಿನಾಂಕ, ಕೆಲವು ಅಕ್ಷರ ಆಗಿ ಗ್ರಾಫ್ ಕಲಸುಮೇಲೋಗರವಾಗುತ್ತದೆ. 2024-06-05 ಹೀಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ. ಇದು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮ, ಗೊಂದಲಕ್ಕೆ ಎಡೆ ಇಲ್ಲ.

ಇನ್ನು ಕನ್ನಡದಲ್ಲಿ ಬರೆಯುವ ನಮಗೆ ಮಾತ್ರ ಬರುವ ತೊಂದರೆ ಒಂದಿದೆ. ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಹಳೆಯ ಕನ್ನಡ ಫಾಂಟ್‌ನಲ್ಲಿ ತಲೆಬರಹ ಬರೆದಿದ್ದರೆ, ಸೆಲ್‌ನಲ್ಲಿ ಕನ್ನಡ ಕಾಣುತ್ತದೆ, ಗ್ರಾಫ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಾರಣ ಸರಳ. ಆ ಫಾಂಟ್‌ಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಗ್ರಾಫ್ ತನ್ನದೇ ಫಾಂಟ್ ಬಳಸಿದ ಕೂಡಲೇ ಹೊದಿಕೆ ಜಾರುತ್ತದೆ. ತಲೆಬರಹಗಳನ್ನು ಯುನಿಕೋಡ್‌ನಲ್ಲಿ ಮತ್ತೊಮ್ಮೆ ಬರೆದುಬಿಡಿ, ಶಾಶ್ವತವಾಗಿ ಪರಿಹಾರವಾಗುತ್ತದೆ. ಯುನಿಕೋಡ್ ಆಗಿದ್ದೂ ಚೌಕ ಚೌಕ ಕಂಡರೆ ಗ್ರಾಫ್‌ನ ಫಾಂಟನ್ನು ನಿರ್ಮಲಾ ಯುಐ, ತುಂಗಾ ಅಥವಾ ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ.

ಹಂತ 3: ಯಾವ ಗ್ರಾಫ್ ಅಂತ ನಿರ್ಧರಿಸಿ

ತಂತ್ರಾಂಶ ಹತ್ತಾರು ಬಗೆ ತೋರಿಸುತ್ತದೆ. ಹೆದರಬೇಡಿ, ನಾಲ್ಕು ಗೊತ್ತಿದ್ದರೆ ಬಹಳಷ್ಟು ಕೆಲಸ ನಡೆಯುತ್ತದೆ.

*ಕಾಲ ಓಡುತ್ತಿದ್ದರೆ ಲೈನ್.* ದಿನ, ತಿಂಗಳು, ವರ್ಷ ಹೀಗೆ ಸಮಯದ ಜೊತೆ ಬದಲಾಗುವುದನ್ನು ತೋರಿಸಲು ಗೆರೆಯ ಗ್ರಾಫ್ ಸರಿ. ಗೆರೆ ಏರಿದ್ದು ಇಳಿದದ್ದು ಕಣ್ಣಿಗೆ ತಾನಾಗಿಯೇ ಕಾಣುತ್ತದೆ. ನಮ್ಮ ಪಟ್ಟಿಯಲ್ಲಿ ಮಕ್ಕಳ ಪುಸ್ತಕ ಮಾರ್ಚ್‌ನ 60ರಿಂದ ಏಪ್ರಿಲ್‌ನ 140ಕ್ಕೆ ಹಾರಿದ್ದು, ಅದೇ ಹೊತ್ತಿಗೆ ವಿಜ್ಞಾನ 70ರಿಂದ 40ಕ್ಕೆ ಇಳಿದದ್ದು ಲೈನ್ ಗ್ರಾಫ್‌ನಲ್ಲಿ ಒಂದು ನೋಟಕ್ಕೇ ಸಿಗುತ್ತದೆ.

*ಹೋಲಿಸುತ್ತಿದ್ದರೆ ಬಾರ್.* ಮೇ ತಿಂಗಳಲ್ಲಿ ಕಥೆ 165, ಮಕ್ಕಳ ಪುಸ್ತಕ 155, ವಿಜ್ಞಾನ 35. ಇವುಗಳ ನಡುವೆ ಕಾಲದ ಓಟ ಇಲ್ಲ. ಕಥೆಯಿಂದ ವಿಜ್ಞಾನಕ್ಕೆ ಗೆರೆ ಎಳೆದರೆ ಅದಕ್ಕೆ ಅರ್ಥವೂ ಇಲ್ಲ. ಕಂಬಗಳನ್ನು ಪಕ್ಕ ಪಕ್ಕ ನಿಲ್ಲಿಸಿ. ಎಕ್ಸೆಲ್‌ನಲ್ಲಿ ನಿಂತ ಕಂಬಕ್ಕೆ 'ಕಾಲಮ್' ಎಂದೂ ಮಲಗಿದ ಪಟ್ಟಿಗೆ 'ಬಾರ್' ಎಂದೂ ಹೆಸರಿದೆ. ಹೆಸರುಗಳು ಉದ್ದವಾಗಿದ್ದರೆ ಮಲಗಿದ ಬಾರ್ ಆರಿಸಿ, ಓದುವವರು ಕತ್ತು ವಾಲಿಸಬೇಕಾಗುವುದಿಲ್ಲ. ಕನ್ನಡದ ಪದಗಳು ಉದ್ದವಲ್ಲವೇ, ನಾನಂತೂ ಬಹುಪಾಲು ಮಲಗಿದ ಬಾರನ್ನೇ ಬಳಸುತ್ತೇನೆ. ಆದರೆ ಎಕ್ಸೆಲ್‌ನಲ್ಲಿ ಮಲಗಿದ ಬಾರ್ ಮಾಡಿದಾಗ ಪಟ್ಟಿಯ ಮೊದಲ ಹೆಸರು ಎಲ್ಲಕ್ಕಿಂತ ಕೆಳಗೆ ಬರುತ್ತದೆ. ಹೆಸರುಗಳಿರುವ ಅಕ್ಷದ ಮೇಲೆ ಎರಡು ಸಲ ಒತ್ತಿ, 'ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್' ಎಂಬುದಕ್ಕೆ ಗುರುತು ಹಾಕಿದರೆ ಕ್ರಮ ತಿರುಗುತ್ತದೆ.

ಈ ಎರಡು ಬಗೆಯ ಹಿಂದೆ ಒಂದು ಹಳೆಯ ಸಂಗತಿ ಇದೆ, ನೆನಪಿಟ್ಟುಕೊಳ್ಳಲು ಅನುಕೂಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ವ್ಯಾಪಾರದ ಲೆಕ್ಕಗಳನ್ನು ಗೆರೆಗಳ ಗ್ರಾಫ್‌ನಲ್ಲಿ ಪ್ರಕಟಿಸಿದ. ಸ್ಕಾಟ್ಲೆಂಡಿನ ಲೆಕ್ಕ ಮಾತ್ರ ಅವನಿಗೆ ಒಂದೇ ವರ್ಷದ್ದು ಸಿಕ್ಕಿತ್ತು. ಒಂದೇ ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಹಾಗಾಗಿ ಆ ಒಂದಕ್ಕೆ ಬಾರ್ ಬಳಸಿದ. ಕಾಲ ಇದ್ದರೆ ಗೆರೆ, ಇಲ್ಲದಿದ್ದರೆ ಬಾರ್ ಎಂಬ ನಿಯಮ ಅಲ್ಲೇ ಇದೆ ನೋಡಿ.

*ಪಾಲು ತೋರಿಸಬೇಕಿದ್ದರೆ ಪೈ.* ಇದೂ ಪ್ಲೇಫೇರನದೇ, 1801ರದ್ದು. ಎಲ್ಲ ತುಂಡು ಸೇರಿ ಒಂದು ಪೂರ್ಣ ಆಗುವಂತಿದ್ದರೆ ಮಾತ್ರ ಪೈ ಬಳಸಿ. ನಮ್ಮ ಆರು ತಿಂಗಳ ಲೆಕ್ಕದಲ್ಲಿ ಕಥೆ 770, ಮಕ್ಕಳ ಪುಸ್ತಕ 610, ವಿಜ್ಞಾನ 295, ಒಟ್ಟು 1675. ಇದಕ್ಕೆ ಪೈ ಸರಿ. ಕಥೆಯ ಪಾಲು ಸುಮಾರು 46 ಶೇಕಡಾ ಎಂದು ಕಾಣುತ್ತದೆ. ಆದರೆ ಆರು ಊರಿನ ಉಷ್ಣಾಂಶವನ್ನು ಪೈ ಮಾಡಿದರೆ ಅರ್ಥವಿಲ್ಲ, ಉಷ್ಣಾಂಶಗಳನ್ನು ಕೂಡಿಸಿದರೆ ಯಾವ 'ಪೂರ್ಣ'ವೂ ಆಗುವುದಿಲ್ಲ. ತುಂಡುಗಳು ಐದಾರು ದಾಟಿದರೂ ಪೈ ಬೇಡ. ಕೋನಗಳ ಸಣ್ಣ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು, ಉದ್ದದ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ. ಅನುಮಾನ ಇದ್ದರೆ ಬಾರ್ ಮಾಡಿ.

*ಎರಡು ಅಳತೆಗಳ ಸಂಬಂಧಕ್ಕೆ ಸ್ಕ್ಯಾಟರ್.* ಎಷ್ಟು ಗಂಟೆ ಅಭ್ಯಾಸ, ಎಷ್ಟು ಅಂಕ? ಇಲ್ಲಿ ಎರಡೂ ಕಂಬಸಾಲಿನಲ್ಲಿ ಅಂಕಿಗಳೇ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಮೊದಲ ಕಂಬಸಾಲು ಅಡ್ಡ ಅಕ್ಷಕ್ಕೆ, ಎರಡನೆಯದು ಲಂಬ ಅಕ್ಷಕ್ಕೆ ಹೋಗುತ್ತದೆ. ಇದು ಎಷ್ಟು ಉಪಯುಕ್ತ ಎಂದು ತೋರಿಸಲು 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ನಾಲ್ಕು ಪುಟ್ಟ ಪಟ್ಟಿ ಮಾಡಿದ. ಒಂದೊಂದರಲ್ಲಿ 11 ಜೋಡಿ ಅಂಕಿ. ನಾಲ್ಕರ ಸರಾಸರಿಯೂ ಹೆಚ್ಚುಕಡಿಮೆ ಒಂದೇ, ಉಳಿದ ಮುಖ್ಯ ಲೆಕ್ಕಗಳೂ ಒಂದೇ. ಚುಕ್ಕಿ ಹಾಕಿ ನೋಡಿದರೆ ಒಂದು ಓರೆಯಾಗಿ ಏರುತ್ತದೆ, ಒಂದು ಬಿಲ್ಲಿನಂತೆ ಬಾಗುತ್ತದೆ, ಉಳಿದೆರಡರಲ್ಲಿ ಒಂದೇ ಒಂದು ಚುಕ್ಕಿ ದೂರ ಹೋಗಿ ಇಡೀ ಲೆಕ್ಕವನ್ನು ಎಳೆದಾಡುತ್ತದೆ. ಲೆಕ್ಕದಲ್ಲಿ ಕಾಣದ್ದು ಚಿತ್ರದಲ್ಲಿ ಕಂಡಿತು.

ಲೈನ್ ಮತ್ತು ಸ್ಕ್ಯಾಟರ್ ಅದಲುಬದಲಾಗುವುದು ತುಂಬ ಸಾಮಾನ್ಯ. ಅಡ್ಡ ಅಕ್ಷದಲ್ಲಿ 1, 2, 5, 10 ನಿಮಿಷ ಎಂದಿದ್ದರೆ ಎಕ್ಸೆಲ್‌ನ ಲೈನ್ ಗ್ರಾಫ್ ನಾಲ್ಕನ್ನೂ ಸಮದೂರದಲ್ಲಿ ಇಡುತ್ತದೆ, ಅವು ಬರೀ ಹೆಸರುಗಳು ಎಂಬಂತೆ. 5ರಿಂದ 10ರ ದೂರ 1ರಿಂದ 2ರ ದೂರಕ್ಕೆ ಸಮ ಎಂದು ಕಾಣುತ್ತದೆ. ಪ್ರಯೋಗದ ಅಳತೆಗಳಿಗೆ ಇದು ತಪ್ಪು. ಅಲ್ಲಿ ಗೆರೆ ಬೇಕಿದ್ದರೆ 'ಗೆರೆಯಿರುವ ಸ್ಕ್ಯಾಟರ್' ಆರಿಸಿ.

ಹಂತ 4: ಬೇಕಾದ ಸೆಲ್‌ಗಳನ್ನು ಮಾತ್ರ ಆಯ್ಕೆ ಮಾಡಿ

ತಲೆಬರಹವನ್ನೂ ಸೇರಿಸಿ ಆಯ್ಕೆ ಮಾಡಿ. ತಲೆಬರಹ ಬಿಟ್ಟರೆ ಲೆಜೆಂಡ್‌ನಲ್ಲಿ 'ಸೀರೀಸ್ 1', 'ಸೀರೀಸ್ 2' ಎಂದು ಬರುತ್ತದೆ. ಎ1 ಮೇಲೆ ಒತ್ತಿ ಹಿಡಿದು ಡಿ7ರವರೆಗೆ ಎಳೆಯಿರಿ, ಅಷ್ಟೇ.

ತಿಂಗಳು ಮತ್ತು ಮಕ್ಕಳ ಪುಸ್ತಕ ಎರಡೇ ಬೇಕು, ನಡುವಿನವು ಬೇಡ ಅಂದರೆ? ಎ1ರಿಂದ ಎ7 ಆಯ್ಕೆ ಮಾಡಿ, ಕಂಟ್ರೋಲ್ ಕೀ ಒತ್ತಿ ಹಿಡಿದು ಡಿ1ರಿಂದ ಡಿ7 ಆಯ್ಕೆ ಮಾಡಿ. ಮ್ಯಾಕ್ ಇದ್ದರೆ ಕಮಾಂಡ್ ಕೀ. ಎರಡೂ ಆಯ್ಕೆಗಳ ಎತ್ತರ ಒಂದೇ ಇರಬೇಕು. ಒಂದು ಕಡೆ ತಲೆಬರಹ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಎಲ್ಲವೂ ಒಂದು ಮನೆ ಜರುಗುತ್ತದೆ. ಜನವರಿಯ ಅಂಕಿ ಫೆಬ್ರವರಿಗೆ ಹೋಗಿ ಕೂರುತ್ತದೆ. ಚಿತ್ರ ನೋಡಲು ಸರಿಯಾಗಿಯೇ ಇರುವುದರಿಂದ ಈ ತಪ್ಪು ಬೇಗ ಗೊತ್ತಾಗುವುದಿಲ್ಲ.

ಹಂತ 5: ಗ್ರಾಫ್ ಸೇರಿಸಿ

ಎಕ್ಸೆಲ್‌ನಲ್ಲಿ: ಮೇಲಿನ 'ಇನ್ಸರ್ಟ್' ಒತ್ತಿ, 'ಚಾರ್ಟ್ಸ್' ಗುಂಪಿನಲ್ಲಿ ಬೇಕಾದ ಬಗೆ ಆರಿಸಿ. 'ರೆಕಮೆಂಡೆಡ್ ಚಾರ್ಟ್ಸ್' ಒತ್ತಿದರೆ ಎಕ್ಸೆಲ್ ತಾನೇ ಕೆಲವನ್ನು ಸೂಚಿಸುತ್ತದೆ. ನೋಡಿ, ಆದರೆ ನಿರ್ಧಾರ ನಿಮ್ಮದೇ ಇರಲಿ, ನಿಮ್ಮ ಪ್ರಶ್ನೆ ಏನೆಂದು ಅದಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಎಫ್1 ಒಟ್ಟಿಗೆ ಒತ್ತಿದರೆ ಅದೇ ಹಾಳೆಯಲ್ಲಿ ಗ್ರಾಫ್ ಬರುತ್ತದೆ. ಬರೀ ಎಫ್11 ಒತ್ತಿದರೆ ಪ್ರತ್ಯೇಕ ಹಾಳೆಯಲ್ಲಿ ಬರುತ್ತದೆ.

ಕ್ಯಾಲ್ಕ್‌ನಲ್ಲಿ: 'ಇನ್ಸರ್ಟ್', ಆಮೇಲೆ 'ಚಾರ್ಟ್'. ನಾಲ್ಕು ಮೆಟ್ಟಿಲಿನ ಕಿಟಕಿ ತೆರೆಯುತ್ತದೆ: ಬಗೆ, ಅಂಕಿಗಳ ವ್ಯಾಪ್ತಿ, ಸೀರೀಸ್, ಹೆಸರುಗಳು. ಎರಡನೇ ಮೆಟ್ಟಿಲಲ್ಲಿ 'ಫಸ್ಟ್ ರೋ ಆ್ಯಸ್ ಲೇಬಲ್' ಮತ್ತು 'ಫಸ್ಟ್ ಕಾಲಮ್ ಆ್ಯಸ್ ಲೇಬಲ್' ಎರಡಕ್ಕೂ ಗುರುತು ಇದೆಯೇ ನೋಡಿ. ಆಮೇಲೆ ಗ್ರಾಫ್ ತಿದ್ದಬೇಕಿದ್ದರೆ ಅದರ ಮೇಲೆ ಎರಡು ಸಲ ಒತ್ತಬೇಕು. ಒಂದು ಸಲ ಒತ್ತಿದರೆ ಅದು ಬರೀ ಆಯ್ಕೆಯಾಗುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ: ಇಲ್ಲೂ 'ಇನ್ಸರ್ಟ್', 'ಚಾರ್ಟ್'. ಬಲಗಡೆ ಚಾರ್ಟ್ ಎಡಿಟರ್ ತೆರೆಯುತ್ತದೆ. 'ಸೆಟಪ್' ಭಾಗದಲ್ಲಿ ಬಗೆ ಮತ್ತು ಅಂಕಿ, 'ಕಸ್ಟಮೈಸ್' ಭಾಗದಲ್ಲಿ ಹೆಸರು ಮತ್ತು ಬಣ್ಣ.

ಹಂತ 6: ಬಂದದ್ದನ್ನು ಪಟ್ಟಿಯ ಜೊತೆ ಹೋಲಿಸಿ

ಇದನ್ನು ಬಹಳ ಜನ ಮಾಡುವುದೇ ಇಲ್ಲ. ಗ್ರಾಫ್ ಬಂತು, ಚೆನ್ನಾಗಿದೆ, ಮುಗೀತು ಎಂದುಕೊಳ್ಳುತ್ತಾರೆ. ದಯವಿಟ್ಟು ಎರಡು ಅಂಕಿಗಳನ್ನಾದರೂ ಬೆರಳಿಟ್ಟು ನೋಡಿ. ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಮೇ ತಿಂಗಳ ಕಥೆ, 165. ಗ್ರಾಫ್‌ನ ಅತಿ ಎತ್ತರದ ಜಾಗ ಅದೇ ತಿಂಗಳ ಮೇಲಿದೆಯೇ? ಚಿಕ್ಕದು ಮೇ ತಿಂಗಳ ವಿಜ್ಞಾನ, 35. ಅದೂ ಸರಿಯಾದ ಜಾಗದಲ್ಲಿದೆಯೇ?

ಅಡ್ಡ ಅಕ್ಷದಲ್ಲಿ ತಿಂಗಳ ಬದಲು ಕಥೆ, ವಿಜ್ಞಾನ, ಮಕ್ಕಳ ಪುಸ್ತಕ ಬಂದಿದ್ದರೆ ಸಾಲುಗಳು ಅದಲುಬದಲಾಗಿವೆ. ಎಕ್ಸೆಲ್ ಸಾಮಾನ್ಯವಾಗಿ ಅಡ್ಡಸಾಲು, ಕಂಬಸಾಲುಗಳಲ್ಲಿ ಯಾವುದರ ಸಂಖ್ಯೆ ಜಾಸ್ತಿಯೋ ಅದನ್ನು ಅಡ್ಡ ಅಕ್ಷಕ್ಕೆ ಹಾಕುತ್ತದೆ. ಅದು ನಿಮಗೆ ಬೇಕಾದ್ದೇ ಆಗಿರಬೇಕಿಲ್ಲ. ಎಕ್ಸೆಲ್‌ನ 'ಚಾರ್ಟ್ ಡಿಸೈನ್'ನಲ್ಲೂ ಗೂಗಲ್ ಶೀಟ್ಸ್‌ನ 'ಸೆಟಪ್'ನ ಕೆಳಭಾಗದಲ್ಲೂ ರೋ ಮತ್ತು ಕಾಲಮ್ ಬದಲಿಸುವ ಆಯ್ಕೆ ಇದೆ. ಕ್ಯಾಲ್ಕ್‌ನಲ್ಲಿ ಎರಡನೇ ಮೆಟ್ಟಿಲಲ್ಲಿ ಸಿಗುತ್ತದೆ.

ವರ್ಷಗಳ ಪಟ್ಟಿ ಇದ್ದರೆ ಇನ್ನೊಂದು ಬಲೆ ಕಾದಿರುತ್ತದೆ. ತಿಂಗಳ ಹೆಸರು ಅಕ್ಷರ, ಆದರೆ 2021, 2022 ಅಂಕಿ. ಹಾಗಾಗಿ ಎಕ್ಸೆಲ್ ವರ್ಷವನ್ನೂ ಒಂದು ಸೀರೀಸ್ ಎಂದು ತಿಳಿದು ಎರಡು ಸಾವಿರದ ಎತ್ತರದಲ್ಲಿ ಒಂದು ನೇರ ಗೆರೆ ಎಳೆಯುತ್ತದೆ. ನಿಮ್ಮ ನಿಜವಾದ ಅಂಕಿಗಳು ಕೆಳಗೆ ನೆಲಕ್ಕೆ ಅಂಟಿಕೊಂಡಿರುತ್ತವೆ. ಪರಿಹಾರ ಸುಲಭ. ಪಟ್ಟಿಯ ಎಡ ಮೇಲ್ಮೂಲೆಯ ಸೆಲ್, ಅಂದರೆ 'ವರ್ಷ' ಎಂದು ಬರೆದ ಎ1 ಖಾಲಿ ಮಾಡಿ, ಮತ್ತೆ ಆಯ್ಕೆ ಮಾಡಿ ಹೊಸದಾಗಿ ಗ್ರಾಫ್ ಸೇರಿಸಿ. ಮೂಲೆ ಖಾಲಿ ಇದ್ದರೆ ಮೊದಲ ಕಂಬಸಾಲು ಹೆಸರುಗಳದ್ದು ಎಂದು ಎಕ್ಸೆಲ್‌ಗೆ ಅರ್ಥವಾಗುತ್ತದೆ.

ಕೆಲವು ತಿಂಗಳು ಗ್ರಾಫ್‌ನಲ್ಲಿ ಕಾಣುತ್ತಲೇ ಇಲ್ಲವೇ? ಅಡಗಿಸಿದ ಸಾಲುಗಳಿವೆಯೇ ನೋಡಿ. ಎಕ್ಸೆಲ್‌ನಲ್ಲಿ ಅಡಗಿಸಿದ ಸಾಲು ಗ್ರಾಫ್‌ನಿಂದಲೂ ಮಾಯವಾಗುತ್ತದೆ.

ಹಂತ 7: ಲಂಬ ಅಕ್ಷ, ಹೆಸರು, ಬಣ್ಣ

ಲಂಬ ಅಕ್ಷದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇದು ಪ್ರಾಮಾಣಿಕತೆಯ ಪ್ರಶ್ನೆ. ಎರಡು ಅಂಕಿ ಇವೆ ಎಂದುಕೊಳ್ಳಿ, 48 ಮತ್ತು 50. ಅಕ್ಷ 0ಯಿಂದ ಶುರುವಾದರೆ ಎರಡೂ ಕಂಬ ಬಹುತೇಕ ಸಮ. ಅದೇ ಅಕ್ಷ 46ರಿಂದ ಶುರುವಾದರೆ ಒಂದು ಕಂಬದ ಎತ್ತರ 2, ಇನ್ನೊಂದರದ್ದು 4. ಒಂದು ಇನ್ನೊಂದರ ಎರಡರಷ್ಟು ಎಂದು ಕಣ್ಣು ನಂಬುತ್ತದೆ. ಬಾರ್ ಗ್ರಾಫ್‌ನಲ್ಲಿ ನಾವು ಓದುವುದು ಉದ್ದವನ್ನು, ಆದ್ದರಿಂದ ಅದು 0ಯಿಂದಲೇ ಶುರುವಾಗಬೇಕು. ಅಂಕಿಗಳು ಒಂದಕ್ಕೊಂದು ಹತ್ತಿರ ಇದ್ದಾಗ ತಂತ್ರಾಂಶ ತಾನಾಗಿಯೇ ಕೆಳಭಾಗವನ್ನು ಕತ್ತರಿಸಿಬಿಡುತ್ತದೆ, ಗಮನಿಸಿ. ಅಕ್ಷದ ಮೇಲೆ ಎರಡು ಸಲ ಒತ್ತಿ 'ಮಿನಿಮಮ್' ಎಂಬಲ್ಲಿ 0 ಬರೆಯಿರಿ. ಲೈನ್ ಗ್ರಾಫ್‌ಗೆ ಈ ಕಟ್ಟುಪಾಡು ಇಲ್ಲ. ಅಲ್ಲಿ ಓದುವುದು ಏರಿಳಿತವನ್ನು. ದೇಹದ ಉಷ್ಣಾಂಶದ ಗೆರೆಯನ್ನು 0ಯಿಂದ ಶುರುಮಾಡಿದರೆ ಜ್ವರ ಬಂದದ್ದೇ ಕಾಣುವುದಿಲ್ಲ.

ಹೆಸರು ಕೊಡುವಾಗ ಹಂತ 1ರ ಪ್ರಶ್ನೆಗೆ ವಾಪಸ್ ಹೋಗಿ. 'ಚಾರ್ಟ್ ಟೈಟಲ್' ಎಂಬ ಪದವನ್ನು ಹಾಗೇ ಬಿಟ್ಟ ವರದಿಗಳು ಎಷ್ಟೋ ಇವೆ. 'ಪುಸ್ತಕಗಳ ಗ್ರಾಫ್' ಎಂಬ ಹೆಸರಿಗಿಂತ 'ಏಪ್ರಿಲ್‌ನಿಂದ ಮಕ್ಕಳ ಪುಸ್ತಕಗಳಿಗೆ ಬೇಡಿಕೆ ಏರಿತು' ಎಂಬುದು ಓದುವವರಿಗೆ ಹೆಚ್ಚು ಸಹಾಯ ಮಾಡುತ್ತದೆ. ಲಂಬ ಅಕ್ಷಕ್ಕೆ 'ಒಯ್ದ ಪುಸ್ತಕಗಳ ಸಂಖ್ಯೆ' ಎಂದು ಬರೆಯಿರಿ. ಅಳತೆ ಯಾವುದೆಂದು ಗೊತ್ತಾಗದ ಅಂಕಿ ಉಪಯೋಗಕ್ಕೆ ಬರುವುದಿಲ್ಲ. ಎಕ್ಸೆಲ್‌ನಲ್ಲಿ ಗ್ರಾಫ್ ಮೇಲೆ ಒತ್ತಿದರೆ ಪಕ್ಕದಲ್ಲಿ ಕೂಡಿಸು ಗುರುತು ಬರುತ್ತದೆ, ಅದರೊಳಗೆ 'ಆಕ್ಸಿಸ್ ಟೈಟಲ್ಸ್' ಇದೆ.

ಬಣ್ಣ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೇ ಸೀರೀಸ್‌ನ ಬಾರ್‌ಗಳಿಗೆ ಒಂದೇ ಬಣ್ಣ ಸಾಕು. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದವರು ನಮ್ಮ ನಡುವೆ ಇದ್ದಾರೆ, ಆ ಜೋಡಿಯನ್ನು ಬಿಡಿ. ನೀಲಿ ಮತ್ತು ಕಿತ್ತಳೆ ಒಳ್ಳೆಯ ಜೋಡಿ. ಕಪ್ಪು-ಬಿಳುಪಿನಲ್ಲಿ ಒಂದು ಪುಟ ಮುದ್ರಿಸಿ ನೋಡಿ, ಆಗಲೂ ಬೇರೆ ಬೇರೆಯಾಗಿ ಕಂಡರೆ ಎಲ್ಲರಿಗೂ ಕಾಣುತ್ತದೆ. ಮೂರು ಆಯಾಮದ ಗ್ರಾಫ್ ಮಾತ್ರ ಬೇಡವೇ ಬೇಡ. ಪೈ ಚಾರ್ಟ್ ಓರೆಯಾದಾಗ ಮುಂದಿನ ತುಂಡು ದೊಡ್ಡದಾಗಿಯೂ ಹಿಂದಿನದು ಚಿಕ್ಕದಾಗಿಯೂ ಕಾಣುತ್ತದೆ. ಅಂಕಿ ಬದಲಾಗದೆ ಅರ್ಥ ಬದಲಾಗುತ್ತದೆ.

ಹಂತ 8: ಹೊರಗೆ ಒಯ್ಯುವುದು, ಹೊಸ ಅಂಕಿ ಸೇರಿಸುವುದು

ವರದಿಗೆ ಹಾಕಲು ಪರದೆಯ ಫೋಟೋ ತೆಗೆಯಬೇಡಿ, ಅಕ್ಷರಗಳು ಮಸುಕಾಗುತ್ತವೆ. ಎಕ್ಸೆಲ್‌ನಲ್ಲಿ ಗ್ರಾಫ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಸೇವ್ ಆ್ಯಸ್ ಪಿಕ್ಚರ್' ಆರಿಸಿ. ಕ್ಯಾಲ್ಕ್‌ನಲ್ಲೂ ಬಲಗುಂಡಿಯಲ್ಲಿ ಚಿತ್ರವಾಗಿ ಉಳಿಸುವ ಆಯ್ಕೆ ಇದೆ. ಗೂಗಲ್ ಶೀಟ್ಸ್‌ನಲ್ಲಿ ಗ್ರಾಫ್‌ನ ಮೂಲೆಯ ಮೂರು ಚುಕ್ಕಿ ಒತ್ತಿ 'ಡೌನ್‌ಲೋಡ್' ಆರಿಸಿ, ಚಿತ್ರದ ಬಗೆ ಪಿಎನ್‌ಜಿ ಇದ್ದರೆ ಸಾಕು. ಹೀಗೆ ಚಿತ್ರ ಮಾಡಿ ಕಳಿಸಿದರೆ ನೋಡುವವರ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ತೊಂದರೆ ಇಲ್ಲ.

ಎಕ್ಸೆಲ್‌ನಿಂದ ವರ್ಡ್‌ಗೆ ನೇರವಾಗಿ ನಕಲು ಮಾಡಿ ಅಂಟಿಸಿದರೆ ಸಾಮಾನ್ಯವಾಗಿ ಮೂಲ ಫೈಲ್‌ನ ಕೊಂಡಿ ಉಳಿದಿರುತ್ತದೆ. ಮೂಲದಲ್ಲಿ ಅಂಕಿ ಬದಲಾದರೆ ಇಲ್ಲೂ ಬದಲಾಗಬಹುದು. ಅದು ಬೇಕಿದ್ದರೆ ಸರಿ. ಸಲ್ಲಿಸಿದ ವರದಿ ಬದಲಾಗಬಾರದು ಎಂದಿದ್ದರೆ, ಅಂಟಿಸುವಾಗ ಬರುವ ಆಯ್ಕೆಗಳಲ್ಲಿ ಚಿತ್ರವಾಗಿ ಅಂಟಿಸುವುದನ್ನು ಆರಿಸಿ.

ಜುಲೈ ತಿಂಗಳ ಲೆಕ್ಕ ಬಂತು, ಎಂಟನೇ ಸಾಲಿನಲ್ಲಿ ಬರೆದಿರಿ, ಗ್ರಾಫ್ ಮಾತ್ರ ಜೂನ್‌ಗೇ ನಿಂತಿದೆ. ಗ್ರಾಫ್ ಮೇಲೆ ಒಮ್ಮೆ ಒತ್ತಿದರೆ ಎಕ್ಸೆಲ್‌ನಲ್ಲಿ ಪಟ್ಟಿಯ ಸುತ್ತ ಬಣ್ಣದ ಚೌಕಟ್ಟು ಕಾಣುತ್ತದೆ. ಅದರ ಕೆಳ ಮೂಲೆ ಹಿಡಿದು ಒಂದು ಸಾಲು ಕೆಳಗೆ ಎಳೆದರೆ ಜುಲೈ ಸೇರುತ್ತದೆ. ಪ್ರತಿ ತಿಂಗಳೂ ಹೀಗೆ ಸೇರಿಸುವವರಾದರೆ, ಪಟ್ಟಿಯೊಳಗೆ ಎಲ್ಲಾದರೂ ಒತ್ತಿ, ಕಂಟ್ರೋಲ್ ಮತ್ತು ಟಿ ಒಟ್ಟಿಗೆ ಒತ್ತಿ ಅದನ್ನು 'ಟೇಬಲ್' ಆಗಿ ಮಾಡಿಬಿಡಿ. ಆಮೇಲೆ ಕೆಳಗೆ ಹೊಸ ಸಾಲು ಬರೆದ ಕೂಡಲೇ ಗ್ರಾಫ್ ತಾನಾಗಿಯೇ ಬೆಳೆಯುತ್ತದೆ. ಮೊತ್ತದ ಸಾಲನ್ನು ಮಾತ್ರ ಪಟ್ಟಿಗೆ ಅಂಟಿಸಿ ಬರೆಯಬೇಡಿ, ಹೊಸ ತಿಂಗಳೆಂದು ತಿಳಿದು ಅದನ್ನೂ ಗ್ರಾಫ್‌ಗೆ ಸೇರಿಸಿಕೊಂಡುಬಿಡುತ್ತದೆ.